ಇನ್ನೊಬ್ಬರು ಓದದ ಕೋಡ್ ಸೇರಬಾರದು

ಯಾರು ಬೇಕಾದರೂ ಕೋಡ್ ಓದಿ ಬದಲಾಯಿಸಬಹುದಾದ ಓಪನ್ ಸೋರ್ಸ್ ಯೋಜನೆಯಲ್ಲಿ, ಬರೆದವರನ್ನು ಬಿಟ್ಟು ಮತ್ತೊಬ್ಬರಾದರೂ ಓದಿ ಒಪ್ಪದ ಹೊರತು ಒಂದು ಸಾಲು ಕೋಡ್ ಕೂಡ ಮರ್ಜ್ ಆಗಬಾರದು (ಮುಖ್ಯ ಕೋಡಿಗೆ ಸೇರಬಾರದು), ಬರೆದವರು ಯೋಜನೆಯನ್ನು ಕಟ್ಟಿದವರೇ ಆಗಿದ್ದರೂ ಈ ನಿಯಮಕ್ಕೆ ವಿನಾಯಿತಿ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೈಸೂರಿನ ಕುವೆಂಪುನಗರದಲ್ಲಿ ಭಾನುವಾರ ಸೇರುವ ನಮ್ಮ ಚಿಕ್ಕ ಬಳಗದಲ್ಲೇ ಇದನ್ನು ಒಪ್ಪದವರಿದ್ದಾರೆ. ಸಂಬಳವಿಲ್ಲದೆ, ಬಿಡುವಿನಲ್ಲಿ ಮಾಡುವ ಕೆಲಸಕ್ಕೆ ಇಷ್ಟೊಂದು ಕಟ್ಟುಪಾಡು ಏಕೆ, ಕೋಡನ್ನು ಯಂತ್ರವೇ ಪರೀಕ್ಷಿಸುವ ಟೆಸ್ಟ್‌ಗಳು ಪಾಸಾದರೆ ಸಾಲದೇ ಎನ್ನುತ್ತಾರೆ.

ಸಾಲದು. ಕನ್ನಡ ಪಠ್ಯವನ್ನು ಶುದ್ಧಗೊಳಿಸುವ ನಮ್ಮ ಪುಟ್ಟ ಪ್ಯಾಕೇಜಿಗೆ ಮಂಡ್ಯದ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು, ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರಗಳನ್ನೆಲ್ಲ ಅಳಿಸುವ ಒಂದೇ ಸಾಲಿನ ಬದಲಾವಣೆ ಕಳುಹಿಸಿದ್ದರು. ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಅದನ್ನು ಓದಿದ ಹಿರಿಯ ಗೆಳೆಯರು, "ನೋಡಮ್ಮ, ಇದಕ್ಕೆ ‘ರ‍್ಯಾಂಕ್’ ಅಂತ ಕೊಟ್ಟರೆ ಏನು ಬರುತ್ತೆ?" ಎಂದು ಕೇಳಿದರು. ಅಕ್ಷರಗಳು ಕೂಡುವ ರೀತಿಯನ್ನು ನಿರ್ಧರಿಸುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಎಂಬ ಅಕ್ಷರ ಅಲ್ಲಿಂದ ಅಳಿದರೆ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿಬಿಡುತ್ತದೆ. ‘ಫೇಸ್‌ಬುಕ್’ನಲ್ಲಿರುವ, ಅಕ್ಷರಗಳು ಕೂಡದಂತೆ ತಡೆಯುವ ನಾನ್‌ಜಾಯ್ನರ್ ಅಳಿದರೆ ಬಕಾರ ಸಕಾರಕ್ಕೆ ಒತ್ತಾಗುತ್ತದೆ. ಆ ಪದಗಳಿಗೆ ನಮ್ಮಲ್ಲಿ ಯಾರೂ ಟೆಸ್ಟ್ ಬರೆದಿರಲಿಲ್ಲವಾದ್ದರಿಂದ ಯಂತ್ರಕ್ಕೆ ಅದು ತಪ್ಪೆಂದು ತಿಳಿಯುವ ದಾರಿಯೇ ಇರಲಿಲ್ಲ. ಆಕೆ ಆ ಎರಡನ್ನೂ ಉಳಿಸಿಕೊಂಡು, ಹೊಸ ಟೆಸ್ಟ್‌ಗಳನ್ನು ಸೇರಿಸಿ ಮತ್ತೆ ಕಳುಹಿಸಿದರು. ಈಗ ಬೇರೆಯವರ ಕೋಡನ್ನು ನಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ಓದುವವರು ಆಕೆಯೇ.

ಹೀಗೆ ಇನ್ನೊಬ್ಬರು ಓದಿ ನೋಡುವ ರಿವ್ಯೂ ನಡೆದ ಮಾತ್ರಕ್ಕೆ ಎಲ್ಲವೂ ಸರಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸರ್ವರ್‌ಗಳಿಂದ ಗುಟ್ಟಿನ ಮಾಹಿತಿ ಸೋರಲು ದಾರಿ ಮಾಡಿದ ಹಾರ್ಟ್‌ಬ್ಲೀಡ್ ದೋಷವಿದ್ದ ಕೋಡನ್ನು, ಅಂತರ್ಜಾಲ ಸಂಪರ್ಕವನ್ನು ಗುಪ್ತವಾಗಿಡುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ತಂಡದವರೊಬ್ಬರು ಓದಿಯೇ 2011ರ ಕೊನೆಯಲ್ಲಿ ಸೇರಿಸಿದ್ದರು. ಎದುರಿನವರು ಹೇಳಿಕೊಂಡ ಉದ್ದದಷ್ಟು ಮಾಹಿತಿ ನಿಜಕ್ಕೂ ಬಂದಿದೆಯೇ ಎಂದು ಆ ಕೋಡ್ ನೋಡುತ್ತಿರಲಿಲ್ಲ, ಅದು ಲೋಕಕ್ಕೆ ತಿಳಿದದ್ದು 2014ರ ಏಪ್ರಿಲ್‌ನಲ್ಲಿ. ಆದ್ದರಿಂದ ಒಪ್ಪಿಗೆಯ ಗುಂಡಿ ಒತ್ತುವುದನ್ನಷ್ಟೇ ಕಡ್ಡಾಯ ಮಾಡಿದರೆ ಪ್ರಯೋಜನವಿಲ್ಲ. ಏನನ್ನು ಪರೀಕ್ಷಿಸಿ ನೋಡಿದೆ ಎಂದು ಓದಿದವರು ಎರಡು ಸಾಲು ಬರೆಯುವುದೂ ಕಡ್ಡಾಯವಾಗಬೇಕು.

ಕಟ್ಟಿದವರಿಗೂ ವಿನಾಯಿತಿ ಬೇಡ ಎನ್ನುವುದಕ್ಕೆ ಫೈಲ್‌ಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಓಪನ್ ಸೋರ್ಸ್ ತಂತ್ರಾಂಶದ ಪ್ರಕರಣ ನೋಡಿ. ವರ್ಷಗಟ್ಟಲೆ ಕೆಲಸ ಮಾಡಿ ನಂಬಿಕೆ ಗಳಿಸಿ, ಯೋಜನೆಯನ್ನು ನೋಡಿಕೊಳ್ಳುವ ಮೇಂಟೇನರ್ ಹಕ್ಕು ಪಡೆದವರೇ ಅದರಲ್ಲಿ, ಗುಟ್ಟಾಗಿ ಒಳನುಗ್ಗಲು ಬಿಡುವ ಹಿಂಬಾಗಿಲು ಅಡಗಿಸಿದ್ದರು. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಎಂಜಿನಿಯರ್ ಒಬ್ಬರು ಗಮನಿಸಿ ಬೆನ್ನುಹತ್ತಿದ್ದರಿಂದ 2024ರ ಮಾರ್ಚ್‌ನಲ್ಲಿ ಅದು ಬಯಲಾಯಿತು.

ಒಬ್ಬರೇ ನಡೆಸುವ ಯೋಜನೆಗಳಿಗೆ ಈ ನಿಯಮ ಕಷ್ಟವೆಂಬುದು ನಿಜ. ಅಂಥವರು ಬದಲಾವಣೆಯನ್ನು ಒಂದು ವಾರ ತೆರೆದಿಟ್ಟು, ಬಳಸುವವರನ್ನು ಓದಲು ಕೇಳಲಿ. ಆ ಕೋಡಿನ ಮೇಲೆ ವ್ಯವಹಾರ ನಡೆಸುವ ನಮ್ಮೂರಿನ ಕಂಪನಿಗಳು ತಮ್ಮ ಎಂಜಿನಿಯರುಗಳಿಗೆ ವಾರಕ್ಕೆ ಎರಡು ಗಂಟೆಯನ್ನು, ಸಂಬಳದ ಸಮಯದಲ್ಲೇ, ಇದಕ್ಕೆಂದು ಬಿಟ್ಟುಕೊಡಲಿ.