ಫ್ಲೈಬ್ಯಾಕ್ ಸಪ್ಲೈಯಲ್ಲಿ ಆಪ್ಟೋಕಪ್ಲರ್ ಕೈಬಿಡಬಹುದೇ?

ಪರ: ಧಾರಾಳವಾಗಿ ಬಿಡಬಹುದು

ಟ್ರಾನ್ಸ್‌ಫಾರ್ಮರ್ ಬಳಸಿ, ಇನ್‌ಪುಟ್ ಬದಿಯ ಪ್ರೈಮರಿಗೂ ಔಟ್‌ಪುಟ್ ಬದಿಯ ಸೆಕೆಂಡರಿಗೂ ನಡುವೆ ಗೋಡೆ ಕಟ್ಟುತ್ತೇವೆ. ಫ್ಲೈಬ್ಯಾಕ್ ಎಂದರೆ ಸ್ವಿಚ್ ಆನ್ ಇರುವಾಗ ಆ ಟ್ರಾನ್ಸ್‌ಫಾರ್ಮರ್‌ನಲ್ಲಿ ಶಕ್ತಿ ತುಂಬಿ, ಆಫ್ ಆದಾಗ ಔಟ್‌ಪುಟ್‌ಗೆ ಬಿಡುವ ಪವರ್ ಸಪ್ಲೈ. ಆಮೇಲೆ ಔಟ್‌ಪುಟ್ ಎಷ್ಟಿದೆ ಎಂದು ಇಣುಕಲು ಅದೇ ಗೋಡೆಗೆ ಆಪ್ಟೋಕಪ್ಲರ್ (ಎಲ್‌ಇಡಿಯ ಬೆಳಕಿನಿಂದ ಆಚೆಯ ಟ್ರಾನ್ಸಿಸ್ಟರ್‌ಗೆ ಸುದ್ದಿ ಮುಟ್ಟಿಸುವ ಭಾಗ) ಎಂಬ ಕಿಂಡಿ ಕೊರೆಯುತ್ತೇವೆ. ಆ ಕಿಂಡಿಯ ಅಗತ್ಯವೇ ಇಲ್ಲ. ಪ್ರೈಮರಿಯ ಸ್ವಿಚ್ ಆದ ಮಾಸ್‌ಫೆಟ್ ಆಫ್ ಆಗಿ ಸೆಕೆಂಡರಿ ಡಯೋಡ್ ನಡೆಯುತ್ತಿರುವಾಗ ಔಟ್‌ಪುಟ್ ವೋಲ್ಟೇಜ್, ಡಯೋಡ್ ಡ್ರಾಪ್ ಎರಡೂ ಸೇರಿ, ಸುತ್ತುಗಳ ಅನುಪಾತದಲ್ಲಿ ಪ್ರೈಮರಿ ಬದಿಯ ಆಕ್ಸಿಲರಿ (ಹೆಚ್ಚುವರಿ) ವೈಂಡಿಂಗ್ ಮೇಲೆ ತಾನಾಗಿ ಮೂಡುತ್ತದೆ. ಮಾಸ್‌ಫೆಟ್ ನಡೆಸುವ ಕಂಟ್ರೋಲರ್ ಚಿಪ್‌ಗೆ ಕರೆಂಟ್ ಕೊಡಲು ಆ ವೈಂಡಿಂಗ್ ಹೇಗೂ ಇದ್ದೇ ಇದೆ. ಸೆಕೆಂಡರಿ ಕರೆಂಟ್ ಸೊನ್ನೆಗಿಳಿಯುವ ಗಳಿಗೆಯಲ್ಲಿ ಅಳೆದರೆ ಡಯೋಡ್ ಡ್ರಾಪ್‌ನ ಏರುಪೇರೂ ಹೆಚ್ಚು ಕಾಡುವುದಿಲ್ಲ.

ನಾನು ಈ ಪಕ್ಷಕ್ಕೆ ಬಂದದ್ದು ಪುಸ್ತಕ ಓದಿ ಅಲ್ಲ. ಮುಚ್ಚಿದ ಪೆಟ್ಟಿಗೆಯೊಂದರಲ್ಲಿ ವರ್ಷಗಟ್ಟಲೆ ಬಿಸಿಯಲ್ಲೇ ದುಡಿಯುವ 12 ವೋಲ್ಟ್ ಸಪ್ಲೈ ಮಾಡಿಕೊಟ್ಟಿದ್ದೆ. ಕೆಲವು ವರ್ಷಗಳ ಬಳಿಕ ಒಂದೊಂದಾಗಿ ವಾಪಸು ಬರತೊಡಗಿದವು. ಲೋಡ್ ಇದ್ದಾಗ ಸರಿಯಾಗಿ 12 ವೋಲ್ಟ್. ಲೋಡ್ ತೆಗೆದರೆ 15 ದಾಟುತ್ತಿತ್ತು. ಕೆಪಾಸಿಟರ್ ಬದಲಿಸಿದೆ, ಔಟ್‌ಪುಟ್ ನೋಡಿ ಆಪ್ಟೋಕಪ್ಲರ್‌ನ ಎಲ್‌ಇಡಿ ನಡೆಸುವ ಟಿಎಲ್ 431 ಚಿಪ್ ಬದಲಿಸಿದೆ, ಡಿವೈಡರ್ ರೆಸಿಸ್ಟರ್‌ಗಳನ್ನು ಬಿಚ್ಚಿ ಅಳೆದೆ. ಎರಡು ದಿನ ಹೀಗೇ ಹೋಯಿತು. ಕೊನೆಗೆ ಹೊಸ ಆಪ್ಟೋಕಪ್ಲರ್ ಬೆಸುಗೆ ಹಾಕಿದ ಕೂಡಲೇ ವೋಲ್ಟೇಜ್ 12ಕ್ಕೆ ಬಂದು ನಿಂತಿತು. ಒಳಗಿನ ಎಲ್‌ಇಡಿ ಬಿಸಿಗೆ ಮಂಕಾಗಿತ್ತು. ಸರಣಿ ರೆಸಿಸ್ಟರ್ ಬಿಡುವಷ್ಟು ಕರೆಂಟನ್ನೆಲ್ಲ ಕೊಟ್ಟರೂ ಆಚೆಯ ಟ್ರಾನ್ಸಿಸ್ಟರ್‌ಗೆ ಫೀಡ್‌ಬ್ಯಾಕ್ ಪಿನ್ನನ್ನು ಕೆಳಗೆಳೆದು ಔಟ್‌ಪುಟ್ ತಗ್ಗಿಸುವ ಶಕ್ತಿ ಉಳಿದಿರಲಿಲ್ಲ. ರೆಸಿಸ್ಟರ್ ಸಣ್ಣದು ಹಾಕಬೇಕಿತ್ತು ಎನ್ನುವವರಿದ್ದಾರೆ. ಇರಬಹುದು. ಆದರೆ ದಿನದಿನಕ್ಕೂ ಮಂಕಾಗುವ ದೀಪವನ್ನು ನಂಬಿ ವೋಲ್ಟೇಜ್ ಕಾಯುವ ಏರ್ಪಾಡೇ ನನಗೆ ಒಪ್ಪಿಗೆಯಿಲ್ಲ. ತಾಮ್ರದ ಸುತ್ತಿಗೆ ಮುಪ್ಪಿಲ್ಲ.

ಪ್ರೈಮರಿಯಿಂದಲೇ ನಿಯಂತ್ರಿಸಿದರೆ ಸ್ಥಿರ ಕರೆಂಟ್ ಕೂಡ ಪುಕ್ಕಟೆ: ಪೀಕ್ ಕರೆಂಟ್, ಡಯೋಡ್ ನಡೆಯುವ ಕಾಲ, ಸುತ್ತುಗಳ ಅನುಪಾತ ಗೊತ್ತಿದ್ದರೆ ಔಟ್‌ಪುಟ್ ಕರೆಂಟ್ ಲೆಕ್ಕಕ್ಕೆ ಸಿಗುತ್ತದೆ. ಎಲ್‌ಇಡಿ ಡ್ರೈವರ್‌ಗೆ ಇನ್ನೇನು ಬೇಕು? ನಿಖರತೆ ಶೇ 5ರ ಆಸುಪಾಸು ಎಂದು ಮೂಗು ಮುರಿಯುತ್ತಾರೆ. ಮುಂದೆ ಇನ್ನೊಂದು ರೆಗ್ಯುಲೇಟರ್ ಇರುವಾಗ ಶೇ 1 ಯಾರಿಗೆ ಬೇಕು? ಲೋಡ್ ದಿಢೀರನೆ ಬಂದರೆ ಏನು ಗತಿ ಎನ್ನುವವರು ದೊಡ್ಡ ಕೆಪಾಸಿಟರ್ ಹಾಕಿಕೊಳ್ಳಲಿ.

ವಿರೋಧ: ಎಲ್ಲ ಕಡೆ ಆಗದು

ಈ ಪಕ್ಷ ನನಗೆ ವಹಿಸಿದ್ದು. 5 ವ್ಯಾಟ್‌ನ ಚಾರ್ಜರ್ ಆದರೆ ನಾನೂ ಆಪ್ಟೋಕಪ್ಲರ್ ಹಾಕುವುದಿಲ್ಲ. ಆದರೂ ಹೇಳಬೇಕಾದ ಮಾತುಗಳಿವೆ.

ಪ್ರೈಮರಿ ಬದಿಯ ಕಂಟ್ರೋಲರ್‌ಗೆ ಔಟ್‌ಪುಟ್ ಕಾಣುವುದು ಸ್ವಿಚ್ ಮಾಡಿದಾಗ ಮಾತ್ರ. ಲೋಡ್ ಇಲ್ಲದಿರುವಾಗ ಕರೆಂಟ್ ಉಳಿಸಲು ಅದು ಫ್ರೀಕ್ವೆನ್ಸಿಯನ್ನು ತೀರಾ ಇಳಿಸುತ್ತದೆ. 1 ಕಿಲೋಹರ್ಟ್ಸ್‌ಗೆ ಇಳಿದಿದೆ ಎನ್ನಿ. ಎರಡು ಪಲ್ಸ್‌ಗಳ ನಡುವೆ 1 ಮಿಲಿಸೆಕೆಂಡ್ ಅದು ಕುರುಡು. ಅಷ್ಟರಲ್ಲಿ 1 ಆಂಪಿಯರ್ ಲೋಡ್ ಬಂದು ಕೂತರೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ 2 ವೋಲ್ಟ್‌ಗೂ ಹೆಚ್ಚು ಕುಸಿಯುತ್ತದೆ. 5 ವೋಲ್ಟ್ ಇದ್ದದ್ದು 3ಕ್ಕಿಂತ ಕೆಳಗೆ! ಮೈಕ್ರೋಕಂಟ್ರೋಲರ್ ರೀಸೆಟ್ ಆಗಲು ಇದು ಧಾರಾಳ ಸಾಕು. ಕುಸಿತವನ್ನು ಕಾಲು ವೋಲ್ಟ್‌ಗೆ ತರಬೇಕಾದರೆ ಕೆಪಾಸಿಟರ್ 4000 ಮೈಕ್ರೋಫ್ಯಾರಡ್ ಬೇಕು. ಅಷ್ಟು ದೊಡ್ಡದಕ್ಕೆ ಬೋರ್ಡ್ ಮೇಲೆ ಜಾಗ ಹುಡುಕುವುದೇ ಕಷ್ಟ. ಟಿಎಲ್ 431 ಆದರೋ ಔಟ್‌ಪುಟ್ ಟರ್ಮಿನಲ್‌ನಲ್ಲೇ ಕೂತು ಎಡೆಬಿಡದೆ ನೋಡುತ್ತಿರುತ್ತದೆ.

ಆಪ್ಟೋಕಪ್ಲರ್‌ಗೆ ಮುಪ್ಪು ಬರುವುದು ನಿಜ. ಡೇಟಾಶೀಟ್‌ನ ಕನಿಷ್ಠ ಸಿಟಿಆರ್‌ನಲ್ಲಿ (ಎಲ್‌ಇಡಿ ಕರೆಂಟಿಗೆ ಆಚೆಯ ಟ್ರಾನ್ಸಿಸ್ಟರ್ ಕರೆಂಟಿನ ಅನುಪಾತ) ಅರ್ಧವನ್ನಷ್ಟೇ ಹಿಡಿದು ರೆಸಿಸ್ಟರ್ ಆರಿಸಿ, ಬಿಸಿಯಾಗುವ ಭಾಗಗಳಿಂದ ದೂರ ಇಟ್ಟರೆ ಬಹುಕಾಲ ಬಾಳುತ್ತದೆ.

ಇನ್ನೊಂದು ಮಾತು. ಈ ಚರ್ಚೆಯಲ್ಲಿ ಎಲ್ಲರೂ ಫ್ಲೈಬ್ಯಾಕ್ ಎಂದೇ ಹಿಡಿದಿದ್ದೇವೆ. ವ್ಯಾಟ್ ಏರಿ, ಸ್ವಿಚ್ ಆನ್ ಇರುವಾಗಲೇ ಶಕ್ತಿ ದಾಟಿಸುವ ಫಾರ್ವರ್ಡ್ ಕನ್ವರ್ಟರ್‌ಗೆ ಹೋದರೆ ಸ್ವಿಚ್ ಆನ್ ಇರುವಾಗ ಆಕ್ಸಿಲರಿ ವೈಂಡಿಂಗ್ ತೋರಿಸುವುದು ಇನ್‌ಪುಟ್ ವೋಲ್ಟೇಜನ್ನು. ಔಟ್‌ಪುಟ್ ತಯಾರಾಗುವುದು ಆಚೆ ಬದಿಯ ಇಂಡಕ್ಟರ್ ದಾಟಿದ ಮೇಲೆ, ಅದರ ಸುದ್ದಿ ಟ್ರಾನ್ಸ್‌ಫಾರ್ಮರ್‌ಗೆ ಇರುವುದಿಲ್ಲ. ಅಲ್ಲಿ ಅಳತೆಯನ್ನು ಸೆಕೆಂಡರಿಯಲ್ಲಿ ಮಾಡಿ ಆಪ್ಟೋಕಪ್ಲರ್ ಮೂಲಕ ಈಚೆಗೆ ತರುವುದೇ ನೇರದಾರಿ.