ಬೇಡ ಅನ್ನೋದಕ್ಕೂ ಹೊತ್ತು ಬೇಕು

ಎಂಟು ವರ್ಷ ನೈಟ್ ಶಿಫ್ಟ್ ಮಾಡಿದ್ದೇನೆ. ಸರ್ವರ್ ಕಾಯುವ ಕೆಲಸ. ಏನಾದರೂ ಎಡವಟ್ಟಾದರೆ ಸ್ಕ್ರೀನ್ ಮೇಲೆ ಅಲರ್ಟ್ ಬರುತ್ತದೆ. ಅದನ್ನು ಓದಿ, ನೋಡಿದ್ದೇನೆ ಅಂತ ಕ್ಲಿಕ್ ಮಾಡಬೇಕು. ಶುರುವಿನಲ್ಲಿ ಒಂದೊಂದನ್ನೂ ಓದುತ್ತಿದ್ದೆ. ಆರು ತಿಂಗಳಾಗುವಷ್ಟರಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ ಬೆರಳು ತನ್ನಷ್ಟಕ್ಕೆ ಕ್ಲಿಕ್ ಮಾಡುತ್ತಿತ್ತು, ಕಣ್ಣು ಓದುತ್ತಿರಲಿಲ್ಲ. ಒಂದು ರಾತ್ರಿ ನಿಜವಾದ ಅಲರ್ಟನ್ನೂ ಹಾಗೇ ದಾಟಿಸಿಬಿಟ್ಟೆ. ಬೆಳಕು ಹರಿಯುವ ತನಕ ಒಂದು ಕಂಪನಿಯ ಬಿಲ್ಲಿಂಗ್ ನಿಂತಿತ್ತು. ದುಡ್ಡು ಹೋಯಿತು. ಯಾರ ಜೀವವೂ ಹೋಗಲಿಲ್ಲ.

ತಾನೇ ಗುರಿ ಹುಡುಕಿ ತಾನೇ ಹೊಡೆಯುವ ಆಯುಧಗಳ ಮಾತು ಬಂದಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಎಲ್ಲರೂ ಹೇಳುವ ಸಮಾಧಾನ ಒಂದೇ: "ಹೆದರಬೇಡಿ, ಕೊನೆಯಲ್ಲಿ ಮನುಷ್ಯ ಇರ್ತಾನೆ." ಇರ್ತಾನೆ, ಸರಿ. ಆದರೆ ಅವನಿಗೆ ಏನು ಕಾಣುತ್ತದೆ? ಯೋಚಿಸಲು ಎಷ್ಟು ಹೊತ್ತು ಸಿಗುತ್ತದೆ? ಬೇಡ ಅಂದರೆ ಅವನ ಮಾತು ನಡೆಯುತ್ತದಾ?

2003ರ ಇರಾಕ್ ಯುದ್ಧ ನೋಡಿ. ಮಾರ್ಚ್ 23ರಂದು ಬ್ರಿಟನ್ನಿನ ಟೊರ್ನಾಡೊ ವಿಮಾನವೊಂದು ಕುವೈತ್‌ನ ನೆಲೆಗೆ ವಾಪಸ್ ಬರುತ್ತಿತ್ತು. ಅಮೆರಿಕದ ಪೇಟ್ರಿಯಟ್ ಎಂಬ ಕ್ಷಿಪಣಿ ರಕ್ಷಣಾ ವ್ಯವಸ್ಥೆ ಅದನ್ನು ರೇಡಾರ್ ಮೇಲೆ ಎರಗಿ ಬರುವ ಶತ್ರು ಕ್ಷಿಪಣಿ ಅಂದುಕೊಂಡಿತು. 'ನಾನು ನಿಮ್ಮವನೇ' ಎಂದು ವಿಮಾನ ಕಳಿಸಬೇಕಿದ್ದ ಸಂಕೇತವೂ ತಲುಪಲಿಲ್ಲ. ಪರದೆಯ ಮುಂದೆ ಸೈನಿಕರು ಕೂತೇ ಇದ್ದರು. ಅವರಿಗಿದ್ದದ್ದು ಹೆಚ್ಚುಕಡಿಮೆ ಒಂದು ನಿಮಿಷ. ಹೊಡೆದರು. ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಹತ್ತೇ ದಿನದಲ್ಲಿ ಮತ್ತೊಂದು ಪೇಟ್ರಿಯಟ್ ಅಮೆರಿಕದ್ದೇ ನೌಕಾಪಡೆಯ ವಿಮಾನವನ್ನು ಹೊಡೆದುಹಾಕಿತು, ಪೈಲಟ್ ಉಳಿಯಲಿಲ್ಲ. ಪೇಟ್ರಿಯಟ್ ಬಹುಮಟ್ಟಿಗೆ ತನ್ನಷ್ಟಕ್ಕೇ ನಡೆಯುತ್ತಿತ್ತು, ಸೈನಿಕರಿಗೆ ಸಾಫ್ಟ್‌ವೇರ್ ನಂಬುವುದನ್ನೇ ಕಲಿಸಲಾಗಿತ್ತು ಎಂದು ಆಮೇಲೆ ಅಮೆರಿಕದ ರಕ್ಷಣಾ ಇಲಾಖೆಯ ಸಲಹಾ ಮಂಡಳಿಯೇ ಬರೆಯಿತು.

ಇದನ್ನು ಓದಿದಾಗ ನನ್ನ ಬೆರಳು ಕಣ್ಣ ಮುಂದೆ ಬಂತು.

ಇದಕ್ಕೆ ಉಲ್ಟಾ ಆದದ್ದು 1983ರ ಸೆಪ್ಟೆಂಬರ್ 26ರಂದು. ಮಾಸ್ಕೋ ಹತ್ತಿರದ ಬಂಕರ್‌ನಲ್ಲಿ ಸೋವಿಯತ್ ಸೇನೆಯ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ರಾತ್ರಿ ಪಾಳಿಯಲ್ಲಿದ್ದರು. ಸೈರನ್ ಕೂಗಿತು. ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿದೆ ಅಂತ ಕಂಪ್ಯೂಟರ್ ಹೇಳಿತು. ಆಮೇಲೆ ಇನ್ನೂ ನಾಲ್ಕು. ಯುದ್ಧ ಶುರು ಮಾಡುವವರು ಬರೀ ಐದು ಬಿಡ್ತಾರಾ ಅಂತ ಅವರಿಗೆ ಅನ್ನಿಸಿತು. ನೆಲದ ಮೇಲಿನ ರೇಡಾರ್‌ಗಳಿಗೂ ಏನೂ ಕಾಣಲಿಲ್ಲ. ಮೇಲಿನವರಿಗೆ ಸುಳ್ಳು ಎಚ್ಚರಿಕೆ ಅಂತ ಹೇಳಿದರು. ಹೌದು, ಸುಳ್ಳೇ. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಅಂದುಕೊಂಡಿತ್ತು. ಆ ಗಳಿಗೆಯಲ್ಲಿ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಇಂಟರ್‌ಕಾಮ್ ಹಿಡಿದಿದ್ದ ಮನುಷ್ಯನನ್ನು, ಲಾಗ್ ಪುಸ್ತಕ ಯಾಕೆ ಬರೆದಿಲ್ಲ ಅಂತ ಆಮೇಲೆ ಗದರಿದರಂತೆ.

ಮನುಷ್ಯನೂ ತಪ್ಪು ಮಾಡಲ್ವಾ ಅಂತ ಕೇಳುತ್ತೀರಿ. ಮಾಡ್ತಾನೆ. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಂನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಎಂಐ-17 ಹೆಲಿಕಾಪ್ಟರನ್ನು ಹೊಡೆಯಿತು. ವಾಯುಪಡೆಯ ಆರು ಜನ, ಕೆಳಗಿದ್ದ ಒಬ್ಬ ಊರಿನವನು ಸತ್ತರು. ಆದರೆ ವಿಚಾರಣೆ ನಡೆಯಿತು, ವಾಯುಪಡೆಯ ಮುಖ್ಯಸ್ಥರೇ ಇದು ನಮ್ಮ ದೊಡ್ಡ ತಪ್ಪು ಅಂತ ಒಪ್ಪಿಕೊಂಡರು, ಅಧಿಕಾರಿಗಳ ಮೇಲೆ ಕ್ರಮ ಆಯಿತು. ನಾಳೆ ಸಾಫ್ಟ್‌ವೇರ್ ತಾನೇ ಹೊಡೆದರೆ ಸತ್ತವನ ಅಮ್ಮ ಯಾರ ಮುಖ ನೋಡಿ ಕೇಳಬೇಕು?

ಅದಕ್ಕೇ 2023ರ ಡಿಸೆಂಬರ್‌ನ ಸುದ್ದಿ ನನಗೆ ನೋವು ತಂದದ್ದು. ಇಂಥ ಆಯುಧಗಳ ಸಮಸ್ಯೆಯನ್ನು ಜಗತ್ತು ತುರ್ತಾಗಿ ಎದುರಿಸಬೇಕು ಅಂತ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿರ್ಣಯ ಬಂತು. ಪರವಾಗಿ 152 ದೇಶ. ವಿರೋಧವಾಗಿ ನಾಲ್ಕೇ: ಬೆಲಾರುಸ್, ಮಾಲಿ, ರಷ್ಯಾ ಮತ್ತು ನಾವು. ಜಿನೀವಾದಲ್ಲಿ ಮಾತುಕತೆ ನಡೀತಿದೆ, ಅಲ್ಲೇ ಮುಂದುವರಿಯಲಿ ಅನ್ನೋದು ನಮ್ಮ ಸರ್ಕಾರದ ವಾದ. ಆ ಮಾತುಕತೆಯ ತಂಡಕ್ಕೆ 2017, 2018ರಲ್ಲಿ ನಮ್ಮ ರಾಯಭಾರಿಯೇ ಅಧ್ಯಕ್ಷರಾಗಿದ್ದರು ಅನ್ನೋದೂ ನಿಜ. ಆದರೆ ಅಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ಒಂದು ಹೆಜ್ಜೆ ಮುಂದೆ. ಒಬ್ಬರು ತಲೆ ಅಲ್ಲಾಡಿಸಿದರೆ ಮುಗೀತು. ಗಡಿಯಲ್ಲಿ ನಮಗಿರುವ ಕಷ್ಟ ಗೊತ್ತು, ಡ್ರೋನ್ ಬೇಡ ಅಂತ ನಾನು ಹೇಳ್ತಿಲ್ಲ. ಹೊಡೆಯುವ ತೀರ್ಮಾನ ಮನುಷ್ಯನದೇ ಇರಬೇಕು ಅಂತ ಕಾನೂನಿನಲ್ಲಿ ಬರೆಯಲು ನಾವೇ ಮುಂದೆ ನಿಲ್ಲಬೇಕಿತ್ತು.

ಇದು ದೂರದ ಮಾತೇನಲ್ಲ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ 1986ರಿಂದ ಬೆಂಗಳೂರಿನಲ್ಲಿದೆ. ಇದನ್ನು ಓದುತ್ತಿರುವವರಲ್ಲೇ ಕೆಲವರು ಇಂಥ ಕಡೆ ಕೋಡ್ ಬರೆಯುತ್ತಿರಬಹುದು. ನಾಗಪುರದ ಕಂಪನಿಯೊಂದು ಬೆಂಗಳೂರಿನ ಕಂಪನಿ ಜೊತೆ ಸೇರಿ ಮಾಡಿದ ನಾಗಾಸ್ತ್ರ-1 ಡ್ರೋನ್ ನಿಮಗೆ ಗೊತ್ತಿರುತ್ತದೆ. ಗುರಿಯ ಮೇಲೆ ಬಿದ್ದು ಸಿಡಿಯುವ ಡ್ರೋನ್ ಅದು. ಆದರೂ ಗುರಿ ಸರಿಯಿಲ್ಲ ಅನ್ನಿಸಿದರೆ ದಾಳಿ ರದ್ದು ಮಾಡಿ, ಪ್ಯಾರಾಚೂಟ್‌ನಲ್ಲಿ ಇಳಿಸಿ ವಾಪಸ್ ತರಬಹುದು. ಯಾರೋ ಕೂತು, ಬೇಡ ಅನ್ನುವವನಿಗೂ ಒಂದು ದಾರಿ ಇಟ್ಟಿದ್ದಾರೆ. ನೀವು ಮಾಡುವ ಸ್ಕ್ರೀನ್‌ನಲ್ಲೂ ಅದು ಇದೆಯಾ? ರಾತ್ರಿ ಮೂರು ಗಂಟೆಗೆ, ನಿದ್ದೆಗಣ್ಣಲ್ಲಿ ಕೂತವನಿಗೆ ಎಷ್ಟು ಸೆಕೆಂಡ್ ಕೊಟ್ಟಿದ್ದೀರಿ?