ಮೂವತ್ತೈದಕ್ಕೆ ಮುದುಕ, ಆದರೂ ಬೇಕು

2022ರಲ್ಲಿ ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಲೀಗಿನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಮೊದಲ ಎಂಟು ಪಂದ್ಯಗಳನ್ನೂ ಗೆದ್ದಿತ್ತು. ಆಮೇಲೆ ನವೆಂಬರ್ 14ರ ಸೋಮವಾರ ರಾತ್ರಿ ವಾಷಿಂಗ್ಟನ್ ತಂಡ ಬಂತು. ತವರು ಮೈದಾನದಲ್ಲೇ 32-21ರಲ್ಲಿ ಸೋಲಿಸಿ ಹೋಯಿತು. ಸೋತದ್ದಕ್ಕಿಂತ ಸೋತ ರೀತಿಗೆ ಇಲ್ಲಿನ ಜನ ಜಾಸ್ತಿ ಬೇಜಾರು ಮಾಡಿಕೊಂಡರು. ವಾಷಿಂಗ್ಟನ್ನಿನವರು ಚೆಂಡು ಹಿಡಿದು ನೇರ ಮುಂದಕ್ಕೆ ನುಗ್ಗುತ್ತಿದ್ದರು. ಮೂರು ಗಜ ಸಿಕ್ಕರೆ ಸಾಕು, ಮತ್ತೆ ನುಗ್ಗುವುದು. ಹೀಗೆ 49 ಸಲ. 60 ನಿಮಿಷದ ಆಟದಲ್ಲಿ 40 ನಿಮಿಷ ಚೆಂಡು ಅವರ ಹತ್ತಿರವೇ ಇತ್ತು.

ಯಾಕೆ ಹೀಗಾಯಿತು ಅಂತ ಎಲ್ಲರಿಗೂ ಗೊತ್ತಿತ್ತು. ನಡುವೆ ನಿಂತು ತಡೆಯಬೇಕಾದ ಜೋರ್ಡನ್ ಡೇವಿಸ್ ಅಕ್ಟೋಬರ್ ಕೊನೆಯಲ್ಲೇ ಕಾಲಿನ ಮಣಿಗಂಟು ಉಳುಕಿಸಿಕೊಂಡಿದ್ದ. 150 ಕಿಲೋ ಮೀರಿದ ಹುಡುಗ, ಆ ವರ್ಷವೇ ಕಾಲೇಜಿನಿಂದ ಬಂದವನು. ಅವನಿಲ್ಲದೆ ಗೋಡೆಯಲ್ಲಿ ಬಾಗಿಲು ತೆರೆದಂತಾಗಿತ್ತು.

ತಂಡದ ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್ ಏನು ಮಾಡಿದರು ನೋಡಿ. ಬುಧವಾರ 34 ವರ್ಷದ ಲಿನ್ವಲ್ ಜೋಸೆಫ್‌ನನ್ನು ಕರೆಸಿ ಸಹಿ ಹಾಕಿಸಿಕೊಂಡರು. ಗುರುವಾರ 35 ವರ್ಷದ ಎನ್ಡಾಮುಕಾಂಗ್ ಸೂಗೆ ಸಹಿ ಹಾಕಿಸಿದರು. ಇಬ್ಬರಿಗೂ ಆ ವರ್ಷ ತಂಡವೇ ಇರಲಿಲ್ಲ. ನವೆಂಬರಿನ ತನಕ ಮನೆಯಲ್ಲಿದ್ದರು. ಇಬ್ಬರೂ ಹಿಂದೆ ಬೇರೆ ಬೇರೆ ತಂಡಗಳಲ್ಲಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದವರು. ಭಾನುವಾರ ಇಂಡಿಯಾನಾಪೊಲಿಸ್‌ನಲ್ಲಿ ಇಬ್ಬರೂ ಆಡಿದರು. ಸೇರಿಕೊಂಡು, ಚೆಂಡು ಎಸೆದು ಆಟ ನಡೆಸುವ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಒಂದು ಸಲ ನೆಲಕ್ಕೂ ಕೆಡವಿದರು. ಇದಕ್ಕೆ ಸ್ಯಾಕ್ ಅನ್ನುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಅದು ಇಬ್ಬರಿಗೂ ಅರ್ಧರ್ಧ. ಈಗಲ್ಸ್ 17-16ರಲ್ಲಿ ಗೆದ್ದಿತು.

ನಾನು ಇರುವುದು ನ್ಯೂಜೆರ್ಸಿಯಲ್ಲಿ, ಡೆಲವೇರ್ ನದಿ ದಾಟಿದರೆ ಫಿಲಡೆಲ್ಫಿಯಾ. ಇಲ್ಲಿ ಈ ಆಟ ಬೇಡ ಅಂದರೂ ಕಿವಿಗೆ ಬೀಳುತ್ತದೆ. ಮೊದಮೊದಲು ನನಗೆ ಇದು ಗುದ್ದಾಟದ ಹಾಗೆ ಕಾಣುತ್ತಿತ್ತು. ಈಗಲೂ ಸ್ವಲ್ಪ ಹಾಗೇ ಕಾಣುತ್ತದೆ. ಆದರೆ ವಯಸ್ಸಾದವನೊಬ್ಬನನ್ನು ಕೆಲಸಕ್ಕೆ ಕರೆಯುವ ಅವರ ಕ್ರಮ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಡಿಫೆನ್ಸಿವ್ ಲೈನಿನ ಕೆಲಸ ತಟ್ಟನೆ ಅರ್ಥವಾಗುವುದಿಲ್ಲ. ಎದುರಾಳಿಯ ಕಡೆ ಐದು ಜನ ದಢೂತಿಗಳು ಸಾಲಾಗಿ ನಿಂತು ದಾರಿ ಮಾಡಿಕೊಡುತ್ತಾರೆ. ನಮ್ಮ ಕಡೆ ಅವರ ಮೂಗಿಗೆ ಮೂಗು ಕೊಟ್ಟು ನಿಲ್ಲುವವರೇ ಡಿಫೆನ್ಸಿವ್ ಲೈನ್‌ಮನ್‌ಗಳು. ನಟ್ಟನಡುವೆ ನಿಲ್ಲುವವನ ಕೆಲಸ ಇನ್ನೂ ವಿಚಿತ್ರ. ಇಬ್ಬರು ಒಟ್ಟಿಗೆ ತಳ್ಳಿದರೂ ಅವನು ಜಾಗ ಬಿಡಬಾರದು, ಅಷ್ಟೇ. ಅವನು ಇಬ್ಬರನ್ನು ಹಿಡಿದಿಟ್ಟರೆ ಹಿಂದಿರುವ ಆಟಗಾರ ಆರಾಮಾಗಿ ಬಂದು ಚೆಂಡಿನವನನ್ನು ಕೆಡವುತ್ತಾನೆ. ಚಪ್ಪಾಳೆ ಅವನಿಗೆ. ಜಾಗ ಬಿಡದೆ ನಿಂತವನ ಹೆಸರು ಅಂಕಿಅಂಶದಲ್ಲಿ ಎಷ್ಟೋ ಸಲ ಬರುವುದೇ ಇಲ್ಲ.

ಈ ಕೆಲಸಕ್ಕೆ ಓಟ ಕಡಿಮೆ ಸಾಕು. ಕೈ ಎಲ್ಲಿ ಇಡಬೇಕು, ಸೊಂಟ ಎಷ್ಟು ಬಗ್ಗಿಸಬೇಕು, ಎದುರಿನವನ ಕಾಲು ಯಾವ ಕಡೆ ಭಾರ ಹಾಕಿದೆ, ಇವು ಮುಖ್ಯ. ಚೆಂಡು ಹಿಡಿದು ಓಡುವವನು ಇಪ್ಪತ್ತೆಂಟಕ್ಕೆಲ್ಲ ಮಂಕಾಗುತ್ತಾನೆ. ಲೈನಿನವನು ಮೂವತ್ತು ದಾಟಿಯೂ ನಡೆಸಿಕೊಂಡು ಹೋಗಬಹುದು. ಇನ್ನೊಂದು ಅನುಕೂಲ ಇದೆ. ಪಂದ್ಯದೊಳಗಿನ ಒಂದೊಂದು ಬಿಡಿ ಆಟ ಐದಾರು ಸೆಕೆಂಡಿಗೆ ಮುಗಿಯುತ್ತದೆ, ಆಮೇಲೆ ಬೇಕಾದವರನ್ನು ಬೇಕಾದಷ್ಟು ಸಲ ಬದಲಾಯಿಸಬಹುದು. ಹಾಗಾಗಿ ಪಂದ್ಯದ ಅರವತ್ತು ಚಿಲ್ಲರೆ ಬಿಡಿ ಆಟಗಳಲ್ಲಿ ಇಪ್ಪತ್ತಕ್ಕೆ ಮಾತ್ರ ಹಿರಿಯನನ್ನು ಇಳಿಸಿದರೂ ನಡೆಯುತ್ತದೆ. ಎದುರಿನವರು ನಡುವೆ ನುಗ್ಗುವ ಲಕ್ಷಣ ಕಂಡರೆ, ಬಾರಪ್ಪಾ. ದೂರ ಎಸೆಯುವ ಹಾಗಿದ್ದರೆ, ಹೋಗಿ ಕೂತ್ಕೋ.

ನನಗೆ ಹಿಡಿಸಿದ್ದು ಇದೇ. ನಿನ್ನ ಹಳೆಯ ಹೆಸರು ನಮಗೆ ಬೇಡ, ಪೂರ್ತಿ ಪಂದ್ಯವೂ ಬೇಡ. ನಿನ್ನ ಕೈಲಿ ಈಗಲೂ ಚೆನ್ನಾಗಿ ಆಗುವ ಕೆಲಸ ಒಂದಿದೆ, ಅದು ನಮಗೆ ಬೇಕು, ದುಡ್ಡು ಇಷ್ಟು. ಮಾತು ಒರಟು. ಆದರೆ ಅದರಲ್ಲಿ ಮರ್ಯಾದೆ ಇಲ್ಲ ಅಂತ ನನಗೆ ಅನಿಸುವುದಿಲ್ಲ.

ಹೀಗೆ ಕರೆಸಿಕೊಂಡದ್ದೆಲ್ಲ ಫಲ ಕೊಡುತ್ತದೆ ಅಂತಲ್ಲ. ಅದೇ 2022ರಲ್ಲಿ, ಸೂ ಬರುವ ಮೊದಲು, ಈಗಲ್ಸ್ ತಂಡ ಶಿಕಾಗೊದಿಂದ ರಾಬರ್ಟ್ ಕ್ವಿನ್‌ನನ್ನು ತಂದಿತ್ತು. ಹಿಂದಿನ ವರ್ಷ ಆತ ಹದಿನೆಂಟೂವರೆ ಸ್ಯಾಕ್ ಮಾಡಿ ಶಿಕಾಗೊ ತಂಡದ ದಾಖಲೆ ಮುರಿದಿದ್ದ. ಅವನಿಗಾಗಿ, ಕಾಲೇಜಿನ ಹೊಸಬರನ್ನು ತಂಡಗಳು ಸರದಿಯಲ್ಲಿ ಆರಿಸುವ ಡ್ರಾಫ್ಟಿನ ನಾಲ್ಕನೇ ಸುತ್ತಿನ ಆಯ್ಕೆಯನ್ನೇ ಬಿಟ್ಟುಕೊಟ್ಟರು. ಇಲ್ಲಿ ಬಂದು ಮಾಡಿದ ಸ್ಯಾಕ್ ಸೊನ್ನೆ. ಹೆಸರು ನೋಡಿ ತಂದದ್ದು ಕೈಕೊಟ್ಟಿತು, ತೂತು ನೋಡಿ ತಂದದ್ದು ಕೆಲಸ ಮಾಡಿತು. ಆ ವರ್ಷ ತಂಡ 14 ಪಂದ್ಯ ಗೆದ್ದು ಸೂಪರ್ ಬೌಲ್ ತನಕ ಹೋಯಿತು. ಅಲ್ಲಿ ಕ್ಯಾನ್ಸಸ್ ಸಿಟಿಯ ಎದುರು 38-35ರಲ್ಲಿ ಸೋತಿತು. ವರ್ಷವಿಡೀ 70 ಸ್ಯಾಕ್ ಮಾಡಿದ ತಂಡಕ್ಕೆ ಆ ರಾತ್ರಿ ಒಂದೂ ಸಿಗಲಿಲ್ಲ. ಸೂಗೂ ಜೋಸೆಫ್‌ಗೂ ಮುಂದಿನ ವರ್ಷಕ್ಕೆ ಈಗಲ್ಸ್ ತಂಡದಿಂದ ಕರೆ ಬರಲಿಲ್ಲ. ಬೀಳ್ಕೊಡುಗೆ ಸಮಾರಂಭ, ಭಾಷಣ, ಏನೂ ಇಲ್ಲ.

2025ರಲ್ಲಿ ಇದೇ ಕತೆ ಇನ್ನೊಂದು ರೂಪದಲ್ಲಿ ನಡೆಯಿತು. ಸೆಪ್ಟೆಂಬರ್ 4ಕ್ಕೆ ಮೊದಲ ಪಂದ್ಯ ಮುಗಿದ ಕೂಡಲೇ ಜಡೇರಿಯಸ್ ಸ್ಮಿತ್ ಅನ್ನುವ ಹಿರಿಯ ಆಟಗಾರ ಬಂದ. ಐದು ಪಂದ್ಯ ಆಡಿ, ಅಕ್ಟೋಬರಿನಲ್ಲಿ ಇದ್ದಕ್ಕಿದ್ದಂತೆ ನಿವೃತ್ತಿ ಹೇಳಿ ಹೋದ. ಆಗ ಯಾರನ್ನು ಕರೆದರು? ಮಾರ್ಚಿನಲ್ಲಿ ತಾನೇ ನಿವೃತ್ತನಾಗಿದ್ದ, ಇದೇ ತಂಡದ ಬ್ರಾಂಡನ್ ಗ್ರಹಾಂನನ್ನು. ವಯಸ್ಸು 37. 2018ರ ಸೂಪರ್ ಬೌಲಿನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಕೈಯಿಂದ ಚೆಂಡು ಉದುರಿಸಿದ್ದು ಇದೇ ಮನುಷ್ಯ. ನಿವೃತ್ತಿಯ ಮಾತು ಹೇಳುವಾಗ ಆತ ಅತ್ತದ್ದನ್ನು ಊರೆಲ್ಲ ನೋಡಿತ್ತು. ಏಳು ತಿಂಗಳಿಗೆ ಮತ್ತೆ ಹೆಲ್ಮೆಟ್ ಹಾಕಿಕೊಂಡ. ಯಾರೂ ನಗಲಿಲ್ಲ.

ಈಗ ಸಂಬಳದ ವಿಷಯ. ಈ ಲೀಗಿನಲ್ಲಿ ಆಟಗಾರರ ಸಂಘ ಗಟ್ಟಿ ಇದೆ. ತಂಡಗಳ ಮಾಲೀಕರ ಜೊತೆ ಕೂತು ಕರಾರು ಮಾಡಿಕೊಂಡಿದೆ. ಎಷ್ಟು ವರ್ಷ ಆಡಿದ್ದೀಯೋ ಅದರ ಮೇಲೆ ಕನಿಷ್ಠ ಸಂಬಳ ಏರುತ್ತದೆ. 2022ರಲ್ಲಿ ಹೊಸಬನಿಗೆ ಕನಿಷ್ಠ 7,05,000 ಡಾಲರ್, ಏಳು ವರ್ಷ ಕಳೆದವನಿಗೆ 11,20,000. ಇದಕ್ಕಿಂತ ಕಡಿಮೆಗೆ ನಾನೇ ಆಡ್ತೀನಿ ಅಂತ ಆಟಗಾರ ಗೋಗರೆದರೂ ತಂಡ ಒಪ್ಪುವ ಹಾಗಿಲ್ಲ.

ಇನ್ನೊಂದು ನಿಯಮ ಇದೆ, ಅದರ ಜೊತೆ ಅದರ ಕಳ್ಳದಾರಿಯೂ ಇದೆ. ನಾಲ್ಕು ವರ್ಷ ಆಡಿದವನು ಮೊದಲ ವಾರ ತಂಡದ ಪಟ್ಟಿಯಲ್ಲಿದ್ದರೆ ಆ ವರ್ಷದ ಸಂಬಳ ಅವನಿಗೆ ಖಾತರಿ. ಹಾಗಾಗಿ ಎಷ್ಟೋ ತಂಡಗಳು ಮೊದಲ ವಾರ ಕಳೆಯಲಿ ಅಂತ ಕಾಯುತ್ತವೆ. ಎರಡನೇ ವಾರ ಕರೆದರೆ ಬೇಡವಾದಾಗ ಕಳಿಸುವುದು ಅಗ್ಗ. ದೊಡ್ಡ ಕರಾರುಗಳೂ ಪೂರ್ತಿ ನಂಬುವಂಥವಲ್ಲ. ಇದೇ ಸೂಗೆ 2015ರಲ್ಲಿ ಮಯಾಮಿ ತಂಡ ಆರು ವರ್ಷಕ್ಕೆ 11 ಕೋಟಿ 40 ಲಕ್ಷ ಡಾಲರ್ ಅಂತ ಬರೆದುಕೊಟ್ಟಿತ್ತು. ಮೂರೇ ವರ್ಷಕ್ಕೆ ಬಿಟ್ಟಿತು.

ಮೈಗೆ ಆಗುವ ಪೆಟ್ಟಿನ ಲೆಕ್ಕ ಇನ್ನೂ ಕೆಟ್ಟದು. ತಲೆಗೆ ಪೆಟ್ಟು ಬಿದ್ದು ಬಿದ್ದು ನೆನಪು ಕಳೆದುಕೊಂಡ ಹಳೆಯ ಆಟಗಾರರು ಸಾವಿರಾರು ಜನ ಲೀಗಿನ ಮೇಲೆ ದಾವೆ ಹಾಕಿದರು. 2015ರಲ್ಲಿ ಫಿಲಡೆಲ್ಫಿಯಾದ ಫೆಡರಲ್ ಕೋರ್ಟ್ ರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪರಿಹಾರದ ಲೆಕ್ಕದಲ್ಲಿ ಕಪ್ಪು ಜನರ ಬುದ್ಧಿಶಕ್ತಿ ಮೊದಲೇ ಕಡಿಮೆ ಇತ್ತು ಅಂತ ಹಿಡಿಯುವ ಅಳತೆಯೊಂದು ಇತ್ತು. ಅಂದರೆ ಕಪ್ಪು ಆಟಗಾರ ತನಗೆ ನಷ್ಟವಾಗಿದೆ ಅಂತ ತೋರಿಸುವುದು ಬಿಳಿಯನಿಗಿಂತ ಕಷ್ಟ. ಅದನ್ನು ಬಿಡುತ್ತೇವೆ ಅಂತ ಲೀಗ್ ಹೇಳಿದ್ದು 2021ರಲ್ಲಿ. ಆದ್ದರಿಂದ ಅಮೆರಿಕದವರನ್ನು ನೋಡಿ ಕಲಿಯಿರಿ ಅಂತ ನಾನು ಉಪದೇಶ ಮಾಡಲಾರೆ. ಕಲಿಯಬೇಕಾದ್ದು ಒಂದು ತುಣುಕು ಮಾತ್ರ.

ಆ ತುಣುಕು ಯಾಕೆ ಮುಖ್ಯ ಅನ್ನುವುದಕ್ಕೆ ನಮ್ಮ ದೊಡ್ಡಪ್ಪನ ವಿಷಯ ಹೇಳಬೇಕು. ಅವರೂ ಲೈನ್‌ಮನ್ನೇ, ಮಲೆನಾಡಿನಲ್ಲಿ ಕರೆಂಟಿನ ಲೈನ್‌ಮನ್ ಆಗಿದ್ದವರು. ಅರವತ್ತಕ್ಕೆ ನಿವೃತ್ತಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ. ಸಾಹೇಬರು ಬಂದು ಇವರಿಲ್ಲದೆ ನಮಗೆ ಕೈ ಮುರಿದ ಹಾಗೆ ಅಂತ ಭಾಷಣ ಮಾಡಿದರು. ಅದು ನಿಜವೇ ಆಗಿತ್ತು. ಜೂನಿನ ಮೊದಲ ಗಾಳಿಮಳೆಗೆ ಮರ ಬಿದ್ದು ಲೈನ್ ಹರಿಯಿತು. ಯಾವ ತೋಟದ ಒಳಗಿಂದ ತಂತಿ ಹೋಗಿದೆ, ಎಲ್ಲಿ ಫ್ಯೂಸ್ ತೆಗೆದರೆ ಯಾವ ಊರು ಕತ್ತಲಾಗುತ್ತದೆ, ಹೊಸ ಹುಡುಗರಿಗೆ ಗೊತ್ತಿಲ್ಲ. ರಾತ್ರಿ ಫೋನ್. ‘ಹೆಗಡೇರೆ, ಒಂಚೂರು ಬಂದು ಹೋಗ್ತ್ರಾ?’ ದೊಡ್ಡಪ್ಪ ಕಂಬಳಿಕೊಪ್ಪೆ ಹಾಕಿಕೊಂಡು, ಬ್ಯಾಟರಿ ಹಿಡಿದು ಹೊರಟರು.

ಅವರು ಹತ್ತುವುದಿಲ್ಲ, ತೋರಿಸುತ್ತಾರೆ ಅಷ್ಟೇ. ಆದರೂ ಮಳೆಯಲ್ಲಿ, ಕತ್ತಲಲ್ಲಿ, ಹರಿದ ತಂತಿಯ ಹತ್ತಿರ ನಿಂತಿರುವುದು ಪುಸ್ತಕದಲ್ಲಿ ಹೆಸರೇ ಇಲ್ಲದ ಮನುಷ್ಯ. ಹೆಚ್ಚುಕಡಿಮೆ ಆದರೆ ವಿಮೆ ಇಲ್ಲ, ಪರಿಹಾರ ಇಲ್ಲ. ದುಡ್ಡಂತೂ ಇಲ್ಲವೇ ಇಲ್ಲ. ಇದನ್ನು ನಮ್ಮ ಕಡೆ ಗೌರವ ಅನ್ನುತ್ತಾರೆ. ‘ಕರೀತಾರಲ್ಲ ಮಾರಾಯಾ, ಅಷ್ಟು ಸಾಕು’ ಅಂತ ದೊಡ್ಡಪ್ಪನೂ ಹೇಳುತ್ತಾರೆ. ನನಗೆ ಅದು ಪುಕ್ಕಟೆ ದುಡಿಸಿಕೊಳ್ಳುವುದು ಅನಿಸುತ್ತದೆ. ನಿವೃತ್ತಿ ಆದಮೇಲೆ ಗುತ್ತಿಗೆ ಮೇಲೆ, ವಿಶೇಷ ಕರ್ತವ್ಯಾಧಿಕಾರಿ ಅಂತ ಹೆಸರಿಟ್ಟು ಮತ್ತೆ ಕರೆಸಿಕೊಳ್ಳುವ ಪದ್ಧತಿ ನಮ್ಮ ಸರ್ಕಾರದಲ್ಲೂ ಇದೆ. ಅದು ಕುರ್ಚಿ ಇದ್ದ ಸಾಹೇಬರಿಗೆ. ಕಂಬದ ಕೆಳಗೆ ನಿಲ್ಲುವವರಿಗೆ ಶಾಲು.

ನಮ್ಮಲ್ಲಿ ಇಂಥ ಕ್ರಮ ಗೊತ್ತೇ ಇಲ್ಲ ಅಂತಲ್ಲ. 2009ರ ಐಪಿಎಲ್ ನೆನಪಿದೆ ಅಲ್ವಾ? ಟೆಸ್ಟ್ ಬಿಟ್ಟ 38ರ ಅನಿಲ್ ಕುಂಬ್ಳೆ, ಪಂದ್ಯಕ್ಕೆ ನಾಲ್ಕೇ ಓವರ್. ರಾಜಸ್ಥಾನದ ಮೇಲೆ 5 ರನ್ನಿಗೆ 5 ವಿಕೆಟ್, ಫೈನಲಿನಲ್ಲಿ 16ಕ್ಕೆ 4. ಫೈನಲ್ ನಾವು ಸೋತೆವು, ಅದು ಬೇರೆ ಮಾತು. ಇನ್ನು ಯಕ್ಷಗಾನದಲ್ಲಿ ಇದು ಮೊದಲಿಂದ ಇದೆ. ಹಿರಿಯ ಕಲಾವಿದ ಇಡೀ ರಾತ್ರಿ ಕುಣಿಯಬೇಕಾಗಿಲ್ಲ. ಅತಿಥಿಯಾಗಿ ಬಂದು ಒಂದು ಪಾತ್ರ ಮಾಡುತ್ತಾರೆ, ಅದಕ್ಕೆ ಸಂಭಾವನೆ ಇರುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿದರು. ಅವರ ಭಸ್ಮಾಸುರನನ್ನೋ ಕೀಚಕನನ್ನೋ ನೋಡಲಿಕ್ಕೆಂದೇ ಜನ ನಿದ್ದೆಗೆಟ್ಟು ಕೂತಿರುತ್ತಿದ್ದರು. ರಂಗದ ಮೇಲೆ ಸಾಧ್ಯ ಇದ್ದದ್ದು ಕರೆಂಟಿನ ಆಫೀಸಿನಲ್ಲಿ ಯಾಕೆ ಸಾಧ್ಯ ಇಲ್ಲ?

ಅಮೆರಿಕದಲ್ಲೂ ಆಟದ ಮೈದಾನ ಬಿಟ್ಟು ಹೊರಗೆ ಬಂದರೆ ನಮ್ಮದೇ ಬುದ್ಧಿ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ನುಗ್ಗಿ ನ್ಯೂಜೆರ್ಸಿ ಸರ್ಕಾರದ ಹಳೆಯ ಕಂಪ್ಯೂಟರ್‌ಗಳು ಏದುಸಿರು ಬಿಟ್ಟವು. ಅವು ಕೋಬಾಲ್ ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದವು. ಆಗಿನ ಗವರ್ನರ್ ಫಿಲ್ ಮರ್ಫಿ ಟೀವಿಯಲ್ಲಿ ಬಂದು ಕೋಬಾಲ್ ಬಲ್ಲವರು ಸ್ವಯಂಸೇವಕರಾಗಿ ಬನ್ನಿ ಅಂದರು. ನೋಡಿ, ಸ್ವಯಂಸೇವಕರು! ಅಷ್ಟು ವರ್ಷ ಹಳೆ ತಲೆಗಳು ಅಂತ ಮೂಲೆಗೆ ತಳ್ಳಿದವರನ್ನು, ಬೆಂಕಿ ಬಿದ್ದಾಗ ಪುಕ್ಕಟೆ ಬನ್ನಿ ಅಂತ ಕರೆದದ್ದು. ಅವರ ಬೆನ್ನಿಗೆ ಫುಟ್‌ಬಾಲಿನವರಿಗೆ ಇರುವಂಥ ಸಂಘ ಇರಲಿಲ್ಲ. ವ್ಯತ್ಯಾಸ ಇರುವುದು ಇಲ್ಲೇ. ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳುವ ಗುಣ ಆ ಮಾಲೀಕರ ಎದೆಯಲ್ಲಿ ಜಾಸ್ತಿ ಇಲ್ಲ. ಕರಾರಿನಲ್ಲಿ ಬರೆದಿದೆ, ಅದಕ್ಕೆ ಕೊಡುತ್ತಾರೆ.

ಹೋದ ಸಲ ಊರಿಗೆ ಹೋದಾಗ ದೊಡ್ಡಪ್ಪನ ಹತ್ತಿರ ಇದನ್ನೇ ಹೇಳಿದೆ. ಮಳೆಗಾಲದ ನಾಲ್ಕು ತಿಂಗಳಿಗೆ ನಿವೃತ್ತ ಲೈನ್‌ಮನ್‌ಗಳದ್ದೊಂದು ಪಟ್ಟಿ ಮಾಡಲಿ. ಕರೆದ ದಿನಕ್ಕೆ ದಿನಗೂಲಿ ಕೊಡಲಿ, ವಿಮೆ ಮಾಡಿಸಲಿ. ಕಂಬ ಹತ್ತಬಾರದು ಅಂತ ಬರೆದೇ ಕೊಡಲಿ. ನೀವು ಹಳಬರೆಲ್ಲ ಸೇರಿ ಒಂದು ಅರ್ಜಿ ಹಾಕಿ.

ದೊಡ್ಡಪ್ಪ ನಕ್ಕರು. ‘ದುಡ್ಡು ಕೇಳಿದ್ರೆ ಕರೆಯೋದೇ ಬಿಡ್ತಾರೆ ತಮಾ.’

ಅವರು ಹೇಳಿದ್ದು ಸುಮ್ನೆ ಅಲ್ಲ. ಇದೇ ಹೆದರಿಕೆ ಇಲ್ಲಿನ ಆಟಗಾರರಿಗೂ ಇತ್ತು. ವರ್ಷ ಹೆಚ್ಚಿದಂತೆ ಸಂಬಳ ಹೆಚ್ಚಾದರೆ ತಂಡದವರು ಹಳಬರನ್ನು ಬಿಟ್ಟು ಅಗ್ಗದ ಹುಡುಗರನ್ನೇ ತುಂಬಿಕೊಳ್ಳುತ್ತಾರೆ, ಯಾಕೆಂದರೆ ಪ್ರತಿ ತಂಡಕ್ಕೂ ಒಟ್ಟು ಸಂಬಳದ ಮೇಲೆ ಮಿತಿ ಇದೆ. ಅದಕ್ಕೆ ಸಂಘ ಕರಾರಿನಲ್ಲಿ ಇನ್ನೊಂದು ಸಾಲು ಸೇರಿಸಿತು. ನಾಲ್ಕು ವರ್ಷ ಮೀರಿದವನನ್ನು ಕನಿಷ್ಠ ಸಂಬಳಕ್ಕೆ ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡರೆ, ಅವನ ಕೈಗೆ ಪೂರ್ತಿ ದುಡ್ಡು ಹೋಗುತ್ತದೆ. ತಂಡದ ಮಿತಿಯ ಲೆಕ್ಕಕ್ಕೆ ಮಾತ್ರ ಅವನು ಎರಡು ವರ್ಷ ಆಡಿದ ಹುಡುಗನಷ್ಟೇ. 2022ರ ಲೆಕ್ಕದಲ್ಲಿ ಹೇಳುವುದಾದರೆ ಕೈಗೆ 11,20,000, ಪುಸ್ತಕಕ್ಕೆ 8,95,000. ಮುದುಕನನ್ನು ಕರೆದದ್ದಕ್ಕೆ ತಂಡಕ್ಕೆ ದಂಡ ಬೀಳುವುದಿಲ್ಲ.

ದೊಡ್ಡಪ್ಪ ಇದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಕೇಳಿದರು, ‘ಹಂಗಾರೆ ನಮ್ ದಿನಗೂಲಿ ಸೆಕ್ಷನ್ ಆಫೀಸಿನ ಖರ್ಚಿಗೆ ಬೀಳಬಾರದು, ಮೇಲಿಂದ ಬರಬೇಕು, ಅಲ್ದಾ?’ ಹೌದು ಅಂದೆ. ಅರ್ಜಿ ಬರೆಯಲು ಹೈಸ್ಕೂಲ್ ಮಾಸ್ತರರೊಬ್ಬರನ್ನು ಹಿಡಿದಿದ್ದಾರಂತೆ.